ಜಗತ್ತಿಗೆ ಹೂಂ, ಮನೆಗೆ ನೋಡೂಣು

ಪತ್ರಿಕೆ ಬಂದ ಕೂಡಲೇ ಕೆಲವರು ತೊಗರಿಯ ಧಾರಣೆ ನೋಡುತ್ತಾರೆ, ಕೆಲವರು ಯಾರು ತೀರಿಕೊಂಡರೆಂದು ನೋಡುತ್ತಾರೆ. ನಾನು ಹುಡುಕುವುದು ಜಾಗತಿಕ ಅಭಿಪ್ರಾಯ ಸಮೀಕ್ಷೆಯನ್ನು. ಯಾವ ದೇಶದವರು ದೇವರನ್ನು ನಂಬುವುದು ಬಿಟ್ಟರು, ಎಲ್ಲಿಯ ಗಂಡಸರು ಪಾತ್ರೆ ತಿಕ್ಕಲು ಒಪ್ಪಿದರು ಎಂಬುದೆಲ್ಲ ಸಿಂದಗಿಯ ಕಟ್ಟೆಯ ಮೇಲೆ ಚಹಾ ಕುಡಿಯುವ ನಿವೃತ್ತ ಮಾಸ್ತರನಿಗೆ ಯಾಕೆ ಬೇಕೋ ಗೊತ್ತಿಲ್ಲ. ಮುಂದುವರಿದ ದೇಶಕ್ಕೆ ಶಹಬ್ಬಾಸ್ ಅನ್ನುತ್ತೇನೆ, ಹಿಂದೆ ಬಿದ್ದದ್ದಕ್ಕೆ ಲೊಚಗುಟ್ಟುತ್ತೇನೆ. ನೌಕರಿ ಮುಗಿದರೂ ಅಂಕ ಹಾಕುವ ಚಟ ಹೋಗಿಲ್ಲ.

ಈ ಸಮೀಕ್ಷೆಗಳಲ್ಲಿ ಪೂರ್ತಿ ಒಪ್ಪುವವರಿಗೆ ಒಂದು ಕಾಲಂ, ಸ್ವಲ್ಪ ಒಪ್ಪುವವರಿಗೆ ಒಂದು, ಒಪ್ಪದವರಿಗೆ ಇನ್ನೊಂದು ಇರುತ್ತದೆ. ನಮ್ಮ ಕಡೆಯವರಿಗೆ ಬೇಕಾದ ಕಾಲಂ ಮಾತ್ರ ಯಾರೂ ಮಾಡಿಲ್ಲ. ನಮ್ಮ ಉತ್ತರ ‘ನೋಡೂಣು’. ಮೇಲ್ನೋಟಕ್ಕೆ ‘ನೋಡೋಣ’ ಅಷ್ಟೇ. ಆದರೆ ಇಂಡಿಯಿಂದ ಮುದ್ದೇಬಿಹಾಳದ ತನಕ ಯಾರನ್ನು ಕೇಳಿದರೂ ಹೇಳುತ್ತಾರೆ, ಅದು ಅಂಗಿ ತೊಟ್ಟುಕೊಂಡು ಬಂದ ‘ಇಲ್ಲ’. ಮುಖಕ್ಕೆ ಹೊಡೆದಂತೆ ಮಾತಾಡುವವರೆಂದು ಹೆಸರಾದ ನಾವು ಮಹಾ ಪ್ರಯಾಸದಿಂದ ಉಳಿಸಿಕೊಂಡ ಮರ್ಯಾದೆಯ ಮಾತು.

ತೆಂಕಣದವರಿಗೆ ಇದು ತಿಳಿಯದು. ಆಲಮಟ್ಟಿಗೆ ವರ್ಗವಾಗಿ ಬಂದ ಎಂಜಿನಿಯರರೊಬ್ಬರು ಬಸವನ ಬಾಗೇವಾಡಿಯಲ್ಲಿ ನನ್ನ ಗೆಳೆಯನ ಮನೆಯ ಮಾಳಿಗೆಯ ಕೋಣೆಯನ್ನು ಬಾಡಿಗೆಗೆ ಕೇಳಿದರು. ಅವನು “ನೋಡೂಣ್ರಿ” ಅಂದ. ಮರುದಿನ ಅವರು ಹಾಸಿಗೆ ಸುತ್ತಿಕೊಂಡು ಬಂದೇಬಿಟ್ಟರು. ಹಾಸಿಗೆ ಹೊತ್ತು ನಿಂತವರಿಗೆ ವ್ಯಾಕರಣ ಹೇಳುವುದು ಹೇಗೆ? ಬೀಗದ ಕೈ ಕೊಟ್ಟ. ಮುಂದೆ ವರ್ಗವಾಗುವ ತನಕ ಅವರು ಅಲ್ಲೇ ಇದ್ದರು.

ನಮ್ಮ ಮನೆಯಲ್ಲೂ ಒಂದು ‘ನೋಡೂಣು’ ಇತ್ತು. ಮುದ್ದೇಬಿಹಾಳದಲ್ಲಿ ಕಾಲೇಜು ಉಪನ್ಯಾಸಕಿಯಾಗಿರುವ ಮಗಳು ಶೈಲಾ, ತನ್ನ ಜೊತೆ ಕಲಿಸುವ ತಾಂಬಾ ಊರಿನ ಹುಡುಗನನ್ನು ಮದುವೆಯಾಗುತ್ತೇನೆಂದು ದಸರೆಯಲ್ಲಿ ಹೇಳಿದ್ದಳು. ಹುಡುಗ ಬೇರೆ ಜಾತಿಯವನು. ನಾನು “ನೋಡೂಣು” ಅಂದೆ. ಸಂಕ್ರಾಂತಿಗೆ ಮತ್ತೆ ಕೇಳಿದಾಗಲೂ ಅದನ್ನೇ ಅಂದೆ. ಸಮಾಜದ ಧೋರಣೆ ಬದಲಾಗಲು ತಲೆಮಾರುಗಳೇ ಬೇಕೆಂದು ಸಮೀಕ್ಷೆ ಬರೆಯುವ ಪಂಡಿತರು ಹೇಳುತ್ತಾರಲ್ಲ, ನನಗೂ ಅವಸರವಿರಲಿಲ್ಲ. ಅವಳಿಗಿತ್ತು.

ಹೀಗಿರುವಾಗ ಟ್ಯಾಬ್ ಹಿಡಿದ ಹುಡುಗಿಯೊಬ್ಬಳು ನಮ್ಮ ಬಾಗಿಲಿಗೆ ಬಂದಳು. ಯಾವುದೋ ಜಾಗತಿಕ ಸಮೀಕ್ಷೆಯಂತೆ. ಇಷ್ಟು ವರ್ಷ ಜಗತ್ತಿಗೆ ಅಂಕ ಹಾಕಿದವನನ್ನು ಕೊನೆಗೂ ಜಗತ್ತು ಹುಡುಕಿಕೊಂಡು ಬಂದಿತ್ತು! ನಾನು ಒಳಗೆ ಹೋಗಿ ಇಸ್ತ್ರಿ ಅಂಗಿ ಹಾಕಿಕೊಂಡು ಬಂದೆ. ರಜೆಗೆ ಬಂದಿದ್ದ ಶೈಲಾ, ತಾಯಿಯ ಜೊತೆ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು.

“ಮಕ್ಕಳು ಬೇರೆ ಜಾತಿಯವರನ್ನು ಮದುವೆಯಾಗುವುದನ್ನು ನೀವು ಒಪ್ಪುತ್ತೀರಾ ಸರ್?”

“ಪೂರ್ತಿ ಒಪ್ತೇನ್ರಿ. ಇದೇನು ಕೇಳೂ ಮಾತೇನು?” ಅಂದೆ. ಸಿಂದಗಿ ಯಾವ ದೇಶಕ್ಕೂ ಕಡಿಮೆಯಾಗಬಾರದೆಂಬ ಹುರುಪು.

ಪಡಸಾಲೆಯಲ್ಲಿ ಮೊರದ ಸಪ್ಪಳ ನಿಂತಿತು. ಶೈಲಾ ಎದ್ದು ಬಂದು ಬಾಗಿಲಲ್ಲಿ ನಿಂತಳು.

“ಅಪ್ಪಾ, ಇದು ಜಗತ್ತಿಗಿ ಹೇಳಿದ್ದೋ, ನನಗ ಹೇಳಿದ್ದೋ?”

ಎಂದಿನ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಆಸೆ ಇತ್ತು. ಗುರುತಿಲ್ಲದ ಹುಡುಗಿಗೆ ಒಂದೇ ಉಸಿರಿನಲ್ಲಿ ಕೊಟ್ಟ ಉತ್ತರವನ್ನು ಹೆತ್ತ ಮಗಳಿಗೆ ಎರಡು ಹಬ್ಬ ಕಳೆದರೂ ಕೊಟ್ಟಿರಲಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಯಿತು.

“ಐತವಾರ ಊಟಕ್ಕ ಕರಿ ಅವನ್ನ. ಅವರ ಅಪ್ಪ, ಅವ್ವನೂ ಬರಲಿ,” ಅಂದೆ.

ಶೈಲಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಟ್ಯಾಬಿನ ಹುಡುಗಿಗೆ ಇದರ ತಲೆಬುಡ ತಿಳಿಯಲಿಲ್ಲ. ಅವಳು ಮುಂದಿನ ಪ್ರಶ್ನೆ ಓದಿದಳು.

“ಈ ಅಭಿಪ್ರಾಯ ನಿಮಗೆ ಎಂದಿನಿಂದ ಇದೆ ಸರ್?”

ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಪಡಸಾಲೆಯಿಂದ ನನ್ನ ಹೆಂಡತಿಯ ದನಿ ಬಂತು.

“ಈಗ ಬಂತು ನೋಡವಾ. ಲಗೂನ ಬರ್ಕೊ.”