ಜಪಾನಿನ ಹುಡುಗ ಆಡದ ಮಾತು

ಶ್ರೀರಂಗಪಟ್ಟಣದ ನನ್ನ ಮೋಟಾರು ರಿಪೇರಿ ಅಂಗಡಿಯಲ್ಲಿ ವಾರ್ನಿಷ್ ವಾಸನೆಯದೇ ರಾಜ್ಯ. ಮೊನ್ನೆ ಮೋಟಾರಿನ ತಂತಿ ಸುರುಳಿಗೆ ಬಳಿದ ವಾರ್ನಿಷ್ ಒಣಗಲೆಂದು ಕಾಯುತ್ತಾ ಫೋನು ತೀಡುತ್ತಿದ್ದಾಗ ಹಳೆಯ ಜಪಾನೀ ಸಿನಿಮಾವೊಂದು ಕಣ್ಣಿಗೆ ಬಿತ್ತು. ಅಪ್ಪನ ಮೇಲೆ ಮುನಿದು ಮನೆ ಬಿಡುವ ಹುಡುಗನ ಕತೆ. ನಗಬೇಡಿ, ನನ್ನನ್ನು ಮನೆಯಲ್ಲಿ ಉಳಿಸಿದ್ದು ಇದೇ ಸಿನಿಮಾ.

ಆಗ ನಾನೂ ನಮ್ಮೂರು ಕ್ಯಾತನಹಳ್ಳಿಯಲ್ಲೇ ಇದ್ದೆ. ಕಾಲೇಜು ಬಿಟ್ಟು ಮೋಟಾರು ಕೆಲಸ ಕಲಿಯುತ್ತೇನೆಂದೆ. ಅಪ್ಪ ಹಾಲಿನ ಡೈರಿಯ ಮುಂದೆ, ಊರೆಲ್ಲ ಕೇಳುವಂತೆ ಬೈದ. ಅಲ್ಲಿಗೆ ಮಾತು ಬಿಟ್ಟೆವು. ನಮ್ಮ ಕಡೆ ಮಾತು ಬಿಟ್ಟವರು ಸುಮ್ಮನಿರುತ್ತಾರೆಂದುಕೊಳ್ಳಬೇಡಿ, ಇನ್ನೊಬ್ಬರಿಗೆ ಹೇಳಿದಂತೆ ಹೇಳುತ್ತಾರೆ. ಅಪ್ಪ ಅದಕ್ಕೆ ನಮ್ಮ ಹಸು ಗೌರಿಯನ್ನು ಹಿಡಿದ. "ಗೌರಿ, ಧಣಿಗಳು ಎದ್ರಾ ಕೇಳವ್ವ" ಎನ್ನುವನು. ನಾನೇನು ಕಮ್ಮಿಯೇ? "ಎದ್ದವ್ರೆ ಅಂತೇಳು ಗೌರಿ" ಎನ್ನುವೆ. ಪಾಪ, ಗೌರಿ ಇಬ್ಬರಿಗೂ ತಲೆಯಾಡಿಸುತ್ತಿದ್ದಳು.

ಕೊನೆಗೆ ಮನೆಯೇ ಬೇಡವೆಂದು ಬಟ್ಟೆ ತುಂಬಿಟ್ಟೆ. ಹೊರಡಬೇಕೆಂದಿದ್ದ ಮಧ್ಯಾಹ್ನ ಟಿವಿಯಲ್ಲಿ ಈ ಸಿನಿಮಾ ಬಂತು. ಕೆಳಗೆ ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಕೂತಿದ್ದ ಅಪ್ಪನಿಗೆ ಅದು ಬಾರದು. "ಏನಂತಾನಂತೆ ಆ ಹೈದ?" ಎಂದು ಗೋಡೆಯನ್ನು ಕೇಳಿದ. ನಾನೂ ಗೋಡೆಗೇ ಕನ್ನಡ ಮಾಡಿ ಹೇಳತೊಡಗಿದೆ.

ಹುಡುಗ ಚೀಲ ಹೊತ್ತು ಬಾಗಿಲಲ್ಲಿ ನಿಂತ. ಅವನು ತುಟಿ ಬಿಚ್ಚಲಿಲ್ಲ, ನಾನು ಬಿಚ್ಚಿದೆ. "ಓದು ನಂಗೆ ಹತ್ತಲ್ಲ ಕಣಪ್ಪ. ಅಂಗಂತ ನಾನು ಕೆಟ್ಟೋನಲ್ಲ. ನೀನು ಎಲ್ರ ಮುಂದೆ ಬೈದ್ಬುಟ್ಟೆ, ಅದು ನೋವಾಯ್ತು, ಅಂತಾವ್ನೆ."

ಅಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಸೆಕೆಯೇನೂ ಇರಲಿಲ್ಲ.

"ಅವ್ನಿಗೇಳು, ಅಪ್ಪಂಗೆ ಸಿಟ್ಟು ಮೂಗಿನ್ ಮೇಲೆ, ತಪ್ಪಾಯ್ತಂತೆ. ಮೋಟ್ರೋ ಮಣ್ಣೋ ಕಲ್ತ್ಕಳ್ಳಿ. ಮನೆ ಬುಟ್ಟು ಓಗೋದ್ ಬ್ಯಾಡ."

ನಾನು ಒಳಗೆ ಹೋಗಿ ಬಟ್ಟೆ ತೆಗೆದಿಟ್ಟೆ.

ಅಪ್ಪನನ್ನು ಯಾಮಾರಿಸಿದೆನೆಂಬ ಜಂಬ ಇಷ್ಟು ವರ್ಷ ನನಗಿತ್ತು. ಮೊನ್ನೆ ಆ ದೃಶ್ಯ ಬಂದಾಗ ತಡೆಯಲಾರದೆ ಊರಿಗೆ ಫೋನು ಮಾಡಿದೆ. "ಅಪ್ಪ, ಆ ಜಪಾನ್ ಹುಡುಗ ಬಾಗ್ಲಲ್ಲಿ ನಿಂತಾಗ ಏನೂ ಅಂದೇ ಇರ್ಲಿಲ್ಲ ಕಣಪ್ಪ."

"ಗೊತ್ತು ಕಣ್ಲಾ. ಇಂಗ್ಲಿಸ್ ಓದಕ್ ಬರಕಿಲ್ಲ, ಕಣ್ಣೂ ಕಾಣಕಿಲ್ವಾ ನಂಗೆ? ಕೆಳಗೆ ಅಕ್ಷರನೇ ಬರ್ನಿಲ್ಲ."

ನೋಡಿ, ಇಷ್ಟು ದಿನ ಆ ಹುಡುಗನಿಗೆ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದೆ. ಮುಗಿಯಬೇಕಾದದ್ದು ಪಕ್ಕದಲ್ಲಿ ಕೂತಿದ್ದವನಿಗೆ. "ನಿನ್ನಿಂದ ಉಳ್ಕೊಂಡೆ ಕಣಪ್ಪ" ಎಂದೆ, ಗೋಡೆಗಲ್ಲ, ಅವನಿಗೇ.

ಅಪ್ಪ, "ಗೌರಿ ಮಗಳು ಕೂಗ್ತಾವ್ಳೆ, ಫೋನ್ ಮಡುಗ್ಲಾ" ಎಂದ. ಅವನೂ ಮಡಗಲಿಲ್ಲ, ನಾನೂ ಮಡಗಲಿಲ್ಲ.