ಮೂಲೆಯಲ್ಲಿ ಹೆಸರಿಲ್ಲದ ಬೋರ್ಡು

ಬೋರ್ಡು ಕಂಡರೆ ನೀವು ಅಂಗಡಿಯ ಹೆಸರು ಓದುತ್ತೀರಿ. ನಾನು ಮಾತ್ರ ಕೆಳಗಿನ ಬಲಮೂಲೆಯಲ್ಲಿ, ಬರೆದ ಪೇಂಟರು ಪುಟ್ಟದಾಗಿ ಹಾಕಿಕೊಂಡ ತನ್ನ ಹೆಸರನ್ನು ಹುಡುಕುತ್ತೇನೆ. ಈ ವಕ್ರದೃಷ್ಟಿ ನನಗೆ ಅಂಟಿಕೊಂಡದ್ದು ಎಂಬತ್ತರ ದಶಕದ ಆರಂಭದಲ್ಲಿ, ಆರ್.ಟಿ. ನಗರದ ನಮ್ಮ ಬಾಡಿಗೆ ಮನೆಯಲ್ಲಿ.

ನನ್ನ ಹೆಂಡತಿ ವಿಶಾಲು ಮದುವೆಗೆ ಮುಂಚೆ ಕಲಿತಿದ್ದ ವೀಣೆಯನ್ನು ಹತ್ತು ವರ್ಷಗಳ ಬಳಿಕ ಗವಸಿನಿಂದ ಹೊರತೆಗೆದು, ಮನೆಯಲ್ಲೇ ಪಾಠ ಹೇಳುವುದೆಂದು ನಿಶ್ಚಯಿಸಿದಳು. 'ವಿಶಾಲಾ ಸಂಗೀತ ಶಾಲೆ' ಎಂದು ಬೋರ್ಡು ಬರೆಸುವ ಭಾರ ನನ್ನದಾಯಿತು. ಆಗ ನಾನು ದಪ್ಪ ಕುಂಚದ ಓರೆ ಅಕ್ಷರಗಳ ವ್ಯಾಮೋಹದಲ್ಲಿದ್ದೆ. ಯಶವಂತಪುರದ ಗೋಡೆಗಳ ಮೇಲೆ ಸರ್ಕಸ್ಸು, ಕುಸ್ತಿ, ನಾಟಕಗಳನ್ನು ಸಾರುತ್ತಿದ್ದ ಆ ಅಕ್ಷರಗಳು ಹೊಟ್ಟೆ ತುಂಬ ಬಣ್ಣ ಕುಡಿದು ಹೊರಟು, ಬಾಲದ ಹತ್ತಿರ ಕೂದಲೆಳೆಯಷ್ಟು ಬಡಕಲಾಗುತ್ತಿದ್ದವು. ತಲೆಕಟ್ಟುಗಳಂತೂ ಗಾಳಿಗೆ ಹಾರಿದ ಟವೆಲ್ಲಿನ ಹಾಗೆ. ಕಚೇರಿಯ ಕಡತಗಳಲ್ಲಿ ಗುಂಡಗೆ, ಸಭ್ಯವಾಗಿ ಬರೆದು ಸವೆದ ಗುಮಾಸ್ತನ ಅಂತರಾತ್ಮಕ್ಕೆ ಅಂಥ ಸ್ವಾತಂತ್ರ್ಯ ಬೇಕಿತ್ತೋ ಏನೋ.

ಅಂಥ ಅಕ್ಷರವೇ ಬೇಕೆಂದಾಗ ಪೇಂಟರ್ ಬಾಷಾ ಸಾಹೇಬರು ಕುಂಚ ತೊಳೆಯುತ್ತ, "ಸಾರ್, ಇದು ಓಡೋ ಅಕ್ಷರ. ನಿಮ್ಮನೇಲಿ ಮಕ್ಳು ಕೂತ್ಕೊಂಡು ಕಲೀಬೇಕಲ್ವಾ?" ಎಂದರು. ನಾನು ಕಲಾವಿಮರ್ಶಕನ ಗತ್ತಿನಲ್ಲಿ ಎದುರಿಗೇ ಸ್ಟೂಲು ಹಾಕಿಕೊಂಡು ಕುಳಿತು, ಹಳದಿಯ ಮೇಲೆ ಕೆಂಪಿನಲ್ಲಿ ಅದನ್ನೇ ಬರೆಸಿದೆ.

ಪರಿಣಾಮ ಬೇಗನೆ ಕಂಡಿತು. ಬಂದವರಲ್ಲಿ ಒಬ್ಬರು ಮದುವೆಗೆ ಆರ್ಕೆಸ್ಟ್ರಾ ಸಿಗುತ್ತದೆಯೇ ಎಂದು ವಿಚಾರಿಸಿದರು. ಇನ್ನೊಬ್ಬರಿಗೆ ಬ್ಯಾಂಡ್‌ಸೆಟ್ಟು ಬೇಕಿತ್ತು. ವೀಣೆ ಕಲಿಯಲು ಒಂದು ನರಪಿಳ್ಳೆಯೂ ಬರಲಿಲ್ಲ.

"ಯುಗಾದಿವರ್ಗೂ ನೋಡ್ತೀನಿ ಕಣ್ರೀ, ಆಮೇಲೆ ವೀಣೆಗೆ ಗವಸು ಹಾಕ್ಬಿಡ್ತೀನಿ," ಎಂದಳು ವಿಶಾಲು. ಆ ಮಾತಿನಲ್ಲಿ ದೂರಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು. ಹೊರಗೆ ಬಂದು ಬೋರ್ಡನ್ನು ಮೊದಲ ಸಲ ಸರಿಯಾಗಿ ನೋಡಿದೆ. ತಾವು ಬರೆದ ಪ್ರತಿಯೊಂದು ಬೋರ್ಡಿನ ಮೂಲೆಯಲ್ಲೂ ಹೆಸರು ಹಾಕುವ ಬಾಷಾ ಸಾಹೇಬರು ನಮ್ಮದರಲ್ಲಿ ಹಾಕಿರಲಿಲ್ಲ.

ಬೋರ್ಡು ಹೊತ್ತುಕೊಂಡು ಅವರ ಬಳಿಗೆ ಹೋದೆ; ಈ ಸಲ ಸ್ಟೂಲು ಕೇಳಲಿಲ್ಲ. ಬಿಳಿಯ ಮೇಲೆ ನೀಲಿಯಲ್ಲಿ ನೆಟ್ಟಗೆ ಕುಳಿತ ಅಕ್ಷರಗಳು ಬಂದವು, ಮೂಲೆಯಲ್ಲಿ 'ಬಾಷಾ' ಎಂದೂ ಬಂತು. ಯುಗಾದಿಗೆ ಮುಂಚೆ ಮೂವರು ಹುಡುಗಿಯರು ಸೇರಿದರು; ಅವರಲ್ಲೊಬ್ಬಳು ಬಾಷಾ ಸಾಹೇಬರ ಪಕ್ಕದ ಮನೆಯವಳು.

ವರ್ಷ ತುಂಬಿದಾಗ ಮಕ್ಕಳು ನುಡಿಸುವ ಕಾರ್ಯಕ್ರಮಕ್ಕೆಂದು ರಸ್ತೆಗೆ ಅಡ್ಡ ಕಟ್ಟುವ ಬಟ್ಟೆಯ ಬ್ಯಾನರ್ ಬೇಕೆಂದು ಬಾಷಾ ಸಾಹೇಬರಿಗೆ ಹೇಳಿದೆ. ಅಕ್ಷರ ಯಾವುದೆಂದು ಹೇಳಲು ನನಗೆ ಧೈರ್ಯವಿರಲಿಲ್ಲ. ಅವರು ದಪ್ಪ ಕುಂಚದಲ್ಲಿ, ಓರೆಯಾಗಿ, ತಲೆಕಟ್ಟು ಹಾರಿಸಿ ಬರೆದು ತಂದರು: 'ಇಂದು ಸಂಜೆ ವೀಣಾವಾದನ'.

"ಈಗ ಓಡ್ಲಿ ಬಿಡಿ ಸಾರ್, ಜನಾನ ಕರೀಬೇಕಲ್ಲ," ಎಂದರು.

ಈಗಲೂ ಬೋರ್ಡು ಕಂಡರೆ ಕಣ್ಣು ಮೂಲೆಗೇ ಹೋಗುತ್ತದೆ. ಅಲ್ಲಿ ಹೆಸರಿಲ್ಲದಿದ್ದರೆ ಪೇಂಟರನ್ನು ನಾನು ದೂರುವುದಿಲ್ಲ. ಬರೆಯುವಾಗ ಎದುರಿಗೆ ಸ್ಟೂಲು ಹಾಕಿಕೊಂಡು ಯಾರು ಕುಳಿತಿದ್ದರೋ ಎಂದುಕೊಳ್ಳುತ್ತೇನೆ.