ಕ್ಲಿಪ್ಪಿನಡಿಯ ಕೆಂಪು

ಆನ್‌ಲೈನ್ ಹರಾಜಿನಲ್ಲಿ ಹಳೆಯ ಪೆನ್ನು ಕೊಳ್ಳುವವರಿಗೆ ನನ್ನದೊಂದು ಮಾತು: ಫೋಟೊದಲ್ಲಿ ನಿಬ್ಬು ನೋಡಿ ಮರುಳಾಗಬೇಡಿ, ಕ್ಲಿಪ್ಪಿನ ಬುಡ ನೋಡಿ. ನಾನು ನೋಡಿರಲಿಲ್ಲ.

ವಿಜಯನಗರದಲ್ಲಿ ಅರಿಶಿನ, ಕುಂಕುಮ, ಊದುಬತ್ತಿ ಮಾರುವ ಗ್ರಂದಿಗೆ ಅಂಗಡಿ ನನ್ನದು. ಅದನ್ನು ಮಗಳ ಹೆಸರಿಗೆ ಮಾಡುವ ಶುಕ್ರವಾರ ಹತ್ತಿರ ಬಂದಿತ್ತು. ನಾನು ಶುರು ಮಾಡಿದ್ದೆಲ್ಲ ಸೆಕೆಂಡ್ ಹ್ಯಾಂಡಿನಲ್ಲಿ. ಗಲ್ಲಾಪೆಟ್ಟಿಗೆ, ತಕ್ಕಡಿ, ಕೂರುವ ಸ್ಟೂಲು ಕೂಡ. ಅವಳಾದರೂ ಯಾರೂ ಮುಟ್ಟದ ಒಳ್ಳೆಯ ಪೆನ್ನಿನಲ್ಲಿ ಸಹಿ ಹಾಕಲಿ ಎಂಬುದು ನನ್ನ ಹಟ. ‘ಫಾರಿನ್, ಹಳೆಯ ಸ್ಟಾಕು, ಒಮ್ಮೆಯೂ ಬಳಸಿಲ್ಲ’ ಎಂದಿದ್ದ ಕಪ್ಪು ಪೆನ್ನೊಂದನ್ನು, ಉಳಿದವರು ಕೂಗಿ ಸುಸ್ತಾಗುವವರೆಗೆ ಸುಮ್ಮನಿದ್ದು, ಕೊನೆಯ ನಿಮಿಷದಲ್ಲಿ ಗೆದ್ದೆ. ವಾಪಸ್ ಕಳಿಸಲು ಗುರುವಾರದವರೆಗೆ ಅವಕಾಶವಿತ್ತು.

ಬುಧವಾರ ಮಗಳನ್ನು ಕರೆದುಕೊಂಡು ರಾಜಾಜಿನಗರದಲ್ಲಿ ಪೆನ್ನು ರಿಪೇರಿ ಮಾಡುವ ಹಿರಿಯರೊಬ್ಬರ ಬಳಿ ಹೋದೆ. ಅವರು ಪೆನ್ನನ್ನು ಅಂಗೈಗೆ ಉಜ್ಜಿ ಮೂಸಿದರು.

“ರಬ್ಬರ್ ವಾಸನೆ ಬರ್ತಿದೆ, ಎಬೊನೈಟು, ಅಂದ್ರೆ ಗಟ್ಟಿ ರಬ್ಬರು. ಲೇತಲ್ಲಿ ಕೈಯಿಂದ ಕಡೆದಿರೋದು. ಫಾರಿನ್ನೂ ಇಲ್ಲ, ಏನೂ ಇಲ್ಲ ಸಾರ್, ನಮ್ಮ ದೇಶದ್ದೇ.”

“ಹೋಗಲಿ, ಬಳಸಿಲ್ಲ ತಾನೇ?”

“ನಿಬ್ಬು ಹೊಸದು, ಆಮೇಲೆ ಹಾಕಿರೋದು. ಬಾಡಿ ಬಗ್ಗೆ ಹೇಳಕ್ಕಾಗಲ್ಲ. ಕ್ಲಿಪ್ ಸಂದೀಲಿ ಏನೋ ಕೆಂಪಗಿದೆ ನೋಡಿ. ಇಂಕಿರಬೇಕು.”

ಕೆಂಪಿನ ವಿಷಯದಲ್ಲಿ ನಾನು ಯಾರ ಮಾತನ್ನೂ ಸುಲಭಕ್ಕೆ ಒಪ್ಪುವುದಿಲ್ಲ. ಗುಂಡುಸೂಜಿಯಿಂದ ಅದನ್ನು ಕಾಗದದ ಮೇಲೆ ಕೆರೆದು, ಪಕ್ಕದ ಜ್ಯೂಸ್ ಅಂಗಡಿಯಿಂದ ನಿಂಬೆಹಣ್ಣಿನ ಹೋಳು ತಂದು ಒಂದು ಹನಿ ಹಿಂಡಿದೆ. ಕೆಂಪು ಹಳದಿಗೆ ತಿರುಗಿತು. ಅರಿಶಿನದಿಂದ ಮಾಡಿದ ಅಸಲಿ ಕುಂಕುಮಕ್ಕೆ ಹುಳಿ ಬಿದ್ದರೆ ಹಾಗೆಯೇ. ನೀವೂ ಕುಂಕುಮವನ್ನು ಹೀಗೆ ಪರೀಕ್ಷೆ ಮಾಡಿಯೇ ಕೊಳ್ಳಿ.

“ಆಯುಧಪೂಜೆಗೆ ಇಟ್ಟಿರೋ ಪೆನ್ನು ಇದು,” ಎಂದೆ. “ಪದರ ಪದರ ಗಟ್ಟಿಯಾಗಿದೆ, ಒಂದೆರಡು ವರ್ಷದ್ದಲ್ಲ. ಬಳಸಿಲ್ಲ ಅಂತ ಮಾರಿದವನು ಸಿಕ್ಕಿಬಿದ್ದ ನೋಡಿ! ಇವತ್ತೇ ವಾಪಸ್ ಕಳಿಸ್ತೀನಿ.”

ಹಿರಿಯರು ನಕ್ಕರು. “ಸುಮ್ನೆ ಬಿದ್ದಿರೋ ಪೆನ್ನಿಗೆ ವರ್ಷಾ ವರ್ಷಾ ಯಾರು ಸಾರ್ ಪೂಜೆ ಮಾಡ್ತಾರೆ? ಯಾರೋ ಇದ್ರಿಂದ ಅನ್ನ ತಿಂದಿದ್ದಾರೆ.”

ಅಷ್ಟರಲ್ಲಿ ಮಗಳು ಕೇಳಿದಳು: “ತಕ್ಕಡೀಲಿದ್ದ ಕುಂಕುಮ ನೀನು ಒರೆಸಿದ್ಯಾ ಅಪ್ಪ?”

ಒರೆಸಿರಲಿಲ್ಲ. ಮಲ್ಲತ್ತಹಳ್ಳಿಯಲ್ಲಿ ಮುಚ್ಚುತ್ತಿದ್ದ ಅಂಗಡಿಯೊಂದರಿಂದ ಆ ತಕ್ಕಡಿ ತಂದಾಗ ಅದರ ದಂಡದ ಮೇಲೆ ಯಾರದೋ ಕುಂಕುಮವಿತ್ತು. ತಿಕ್ಕಲು ಹೆಂಡತಿ ಹುಣಸೆಹಣ್ಣು ಹಿಡಿದು ಬಂದರೆ, ಅದೃಷ್ಟ ತೊಳೆದುಹೋದೀತೆಂದು ತಡೆದಿದ್ದೆ. “ಮುಚ್ಚಿದ ಅಂಗಡಿಯ ಅದೃಷ್ಟ, ಇಟ್ಕೊಳ್ಳಿ,” ಎಂದು ಹಂಗಿಸಿದ್ದಳು. ಆ ಕಲೆಯ ಮೇಲೆಯೇ ನನ್ನ ಮೊದಲ ಬೊಟ್ಟು ಇಟ್ಟಿದ್ದೆ. ಇಪ್ಪತ್ತೆಂಟು ವರ್ಷ ತೂಗಿದ್ದು ಅದರಲ್ಲೇ.

ಪೆನ್ನನ್ನು ವಾಪಸ್ ಕಳಿಸಲಿಲ್ಲ. ಹಾಗಂತ ಮಾರಿದವನನ್ನು ಬಿಟ್ಟೆನೆಂದುಕೊಳ್ಳಬೇಡಿ. ಹಳದಿಯಾದ ಕಾಗದದ ಫೋಟೊ ಕಳಿಸಿ ಕೊರಿಯರ್ ಖರ್ಚನ್ನು ವಸೂಲಿ ಮಾಡಿದೆ.

ಶುಕ್ರವಾರ ಮಗಳು ಸಹಿಗೆ ಕೂರುವ ಮುಂಚೆ ಪೆನ್ನು ತೆಗೆದು ನೋಡಿದೆ. ನಾನು ಸೂಜಿಯಿಂದ ಕೆರೆದ ಜಾಗ ಖಾಲಿಯಾಗಿ ಕಾಣುತ್ತಿತ್ತು. ಅಂಗಡಿಯ ಡಬ್ಬಿಯಿಂದ ಒಂದು ಚಿಟಿಕೆ ಕುಂಕುಮ ತೆಗೆದು ಅಲ್ಲಿ ಒತ್ತಿ, ಅವಳ ಕೈಗೆ ಕೊಟ್ಟೆ.